ಅಮಾವಾಸ್ಯೆಗೆ ಬರುತ್ತಿದ್ದ ವಾಸನೆ

ನೆನೆಸಿದ ಅವರೆಕಾಳು ಹಿತುಕುತ್ತಾ ಕೂತಿದ್ದಾಗ ಹನೂರಿನಿಂದ ಫೋನು ಬಂತು. ಯಳಂದೂರಿನ ನಮ್ಮ ಮನೆಯ ಹಿತ್ತಲ ಜಗಲಿ. ನಾನೊಂದು ಕಡೆ, ಎದುರಿಗೆ ಅತ್ತಿಗೆ, ನಡುವೆ ಕಾಳು ತುಂಬಿದ ಬೇಸಿನ್ನು. ಅತ್ತಿಗೆಯೆಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ಕೊಳ್ಳೇಗಾಲದಿಂದ ನಮ್ಮಲ್ಲಿಗೆ ಬಂದು ನಾಲ್ಕು ದಿನವಾಗಿತ್ತು. ಫೋನು ಮಾಡಿದವರು ನಮ್ಮನೆಯವರು. ಬೆಳಿಗ್ಗೆಯೇ ವ್ಯಾನು ತೆಗೆದುಕೊಂಡು ಹನೂರಿನ ಮೆಕ್ಯಾನಿಕ್ ಹತ್ತಿರ ಹೋಗಿದ್ದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದೆ.

"ನಿಮ್ಮತ್ಗೆ ಪಕ್ಕದಲ್ಲವ್ರಾ?"

"ಅವ್ರೆ."

"ಅಂಗಾರೆ ನೀನೇನೂ ಮಾತಾಡ್ಬ್ಯಾಡ, ಕೇಳ್ಕೊ ಅಷ್ಟೆ. ವಾಸ್ನೆ ಸಿಕ್ತು ಕಣಮ್ಮಿ. ಪೆಟ್ರೋಲು ಉಯ್ಯೋ ಬಾಯಿಂದ ಟ್ಯಾಂಕಿಗೆ ಓಗೋ ರಬ್ಬರ್ ಪೈಪು. ಒಣಗಿ ಉದ್ದುಕ್ಕೂ ಸೀಳೋಗದ. ಅದ್ರ ಮೇಲ್ಗಡೆ ತಗಡೂ ತುಕ್ಕಿಡಿದು ತೂತಾಗದ. ಸೀದಾ ಒಳಗೇ ಬತ್ತಿತ್ತಂತೆ ಆವಿ." ದನಿ ತಗ್ಗಿಸಿದರು. "ಅವತ್ತು ತಾಳಬೆಟ್ಟದಲ್ಲಿ ನೀನು ಬೆಂಕಿಕಡ್ಡಿ ಕೊರ್ದಿದ್ದು ಅವ್ನಿಗೇಳ್ದೆ. ಮೆಕ್ಯಾನಿಕ್ಕು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಬುಟ್ಟು ನನ್ನ ಮುಖಾನೇ ನೋಡ್ದ. ಆಮೇಲ್ ಮಾತಾಡನ." ಇಟ್ಟುಬಿಟ್ಟರು.

"ಏನಂತೆ?" ಎಂದರು ಅತ್ತಿಗೆ, ಕಾಳಿನಿಂದ ಕಣ್ಣೆತ್ತದೆ.

"ಸಂಜೆಗೆ ಬತ್ತಾರಂತೆ," ಎಂದೆ. ಮತ್ತೆ ಬೇಸಿನ್ನಿಗೆ ಕೈ ಹಾಕಿದೆ. ಬೆರಳ ನಡುವೆ ಕಾಳು ಜಾರಿ ಜಾರಿ ಹೋಗುತ್ತಿತ್ತು, ಒಂದರ ಸಿಪ್ಪೆಯೂ ಬಿಡಲಿಲ್ಲ. ಬ್ರೇಕು ನೋಡಿಸಲು ಹೋಗಿದ್ದಾರೆ ಎಂದು ಬೆಳಿಗ್ಗೆ ಅತ್ತಿಗೆಗೆ ಸುಳ್ಳು ಹೇಳಿದ್ದವಳು ನಾನೇ.

ಸುಳ್ಳು ಯಾಕೆ ಬೇಕಾಯಿತು ಎನ್ನುವುದಕ್ಕೆ ಅಣ್ಣನ ವಿಷಯ ಹೇಳಬೇಕು. ಅವನು ಕೊಳ್ಳೇಗಾಲದ ಪೆಟ್ರೋಲ್ ಬಂಕಿನಲ್ಲಿ ಅರ್ಧ ಆಯಸ್ಸು ಕಳೆದವನು. ನಮ್ಮವ್ವ ಅವನ ಅಂಗಿಗಳನ್ನು ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದಳು. ಎಷ್ಟು ಸೋಪು ಹಾಕಿದರೂ ಆ ವಾಸನೆ ಹೋಗುತ್ತಿರಲಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಅವನು ಚಪ್ಪಲಿ ಬಿಡುವ ಮೊದಲೇ ಅಡುಗೆಮನೆಯಲ್ಲಿದ್ದ ನನಗೆ ಗೊತ್ತಾಗುತ್ತಿತ್ತು, ಅಣ್ಣ ಬಂದ ಎಂದು. ಕಡೆಗೆ ಬಂಕಿನ ಕೆಲಸ ಬಿಟ್ಟು ಹಳೆಯದೊಂದು ವ್ಯಾನು ಕೊಂಡು ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರಿಗೆ ಬಾಡಿಗೆ ಹೊಡೆಯುತ್ತಿದ್ದ. ಬಾಡಿಗೆ ಇಲ್ಲದ ಮಧ್ಯಾಹ್ನ ಹಿಂದಿನ ಸೀಟಿನ ಮೂಲೆಯಲ್ಲಿ ಕಾಲು ಮಡಿಸಿಕೊಂಡು, ಮುಖಕ್ಕೆ ಟವೆಲು ಮುಚ್ಚಿಕೊಂಡು ಮಲಗುತ್ತಿದ್ದ. ಒಂದು ಬೆಳಿಗ್ಗೆ ಅದೇ ವ್ಯಾನಿನ ಗಾಜು ಒರೆಸುತ್ತಿದ್ದವನು ಹಾಗೇ ಕುಸಿದು ಕೂತ. ಮತ್ತೆ ಏಳಲಿಲ್ಲ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಅದೊಂದು ಕರುಣೆ ಮಾದಪ್ಪನದು ಎಂದು ಆವತ್ತಿನಿಂದ ಹೇಳಿಕೊಳ್ಳುತ್ತಾ ಬಂದಿದ್ದೇನೆ.

ವ್ಯಾನನ್ನು ಅತ್ತಿಗೆ ನಮಗೆ ಕೊಟ್ಟರು. "ಆಚೆಯವ್ರಿಗೆ ಮಾರ್ಬ್ಯಾಡಿ. ಅಮಾಸೆಗೆ ನನ್ನೂ ಬೆಟ್ಟಕ್ಕೆ ಕರ್ಕೊಂಡೋಗಿ, ಅಷ್ಟು ಸಾಕು," ಎಂದರು. ಹಾಗೆಯೇ ನಡೆಯಿತು. ಪ್ರತಿ ಅಮಾವಾಸ್ಯೆ ನಾವು ಯಳಂದೂರಿನಿಂದ ಹೊರಟು, ಕೊಳ್ಳೇಗಾಲದಲ್ಲಿ ಅತ್ತಿಗೆಯನ್ನು ಹತ್ತಿಸಿಕೊಂಡು, ಬಂಕಿನಲ್ಲಿ ಟ್ಯಾಂಕು ತುಂಬಿಸಿ ಹನೂರಿನ ದಾರಿ ಹಿಡಿಯುತ್ತಿದ್ದೆವು.

ಮೊದಲ ಅಮಾವಾಸ್ಯೆಯೇ ಅದು ಬಂತು. ಬಂಕು ಬಿಟ್ಟು ಹತ್ತು ನಿಮಿಷವಾಗಿರಬೇಕು. ಹಿಂದಿನ ಸೀಟಿನ ಮೂಲೆಯಿಂದ, ಅಣ್ಣ ಮಲಗುತ್ತಿದ್ದ ಜಾಗದಿಂದ ಪೆಟ್ರೋಲಿನ ವಾಸನೆ ಮೆಲ್ಲಗೆ ಎದ್ದು ನಮ್ಮ ನಡುವೆ ಕೂತಿತು. ಅತ್ತಿಗೆ ನನ್ನ ಮೊಣಕೈ ಹಿಡಿದು, "ಬಂದವ್ರೆ ಕಣಮ್ಮಿ," ಎಂದರು. ನನಗೂ ಹಾಗೇ ಅನ್ನಿಸಿತ್ತು.

ಮುಂದಿನ ಅಮಾವಾಸ್ಯೆಗೆ ಅತ್ತಿಗೆ ಅವನ ಟವೆಲು ತಂದು ಆ ಜಾಗದಲ್ಲಿ ಮಡಿಸಿಟ್ಟರು. ಅಲ್ಲಿ ಯಾರೂ ಕೂರಬಾರದು ಎಂದಾಯಿತು. ವಾಸನೆ ಬಂತು. ಅದರ ಮುಂದಿನದಕ್ಕೂ ಬಂತು. ಬೇರೆ ದಿನಗಳಲ್ಲಿ ಸಂತೆಗೆಂದೋ ಆಸ್ಪತ್ರೆಗೆಂದೋ ವ್ಯಾನು ಹತ್ತಿದರೆ ಏನೂ ಇರುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ. ಸತ್ತವರು ಬರುವ ದಿನ ಯಾವುದೆಂದು ನಮ್ಮ ಕಡೆಯವರಿಗೆ ಹೇಳಿಕೊಡಬೇಕೇ? ದಾರಿಯುದ್ದಕ್ಕೂ ಅತ್ತಿಗೆ ಆ ಟವೆಲಿನ ಕಡೆ ತಿರುಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನಮ್ಮನೆಯವರು ಕನ್ನಡಿಯಲ್ಲಿ ನೋಡಿ ಕಣ್ಣು ರಸ್ತೆಗೆ ಹಾಕುತ್ತಿದ್ದರು. ಅತ್ತಿಗೆ ವಾರದ ಊಟ ಒಂದೇ ದಿನ ಉಂಡವರಂತೆ ಬೆಟ್ಟದಿಂದ ಇಳಿಯುತ್ತಿದ್ದರು. ಆ ಮುಖ ನೋಡಿ ಯಾರು ತಾನೇ ಏನು ಕೇಳಿಯಾರು?

ತಾಳಬೆಟ್ಟದ ಮಾತು ಕಳೆದ ಆಷಾಢದ್ದು. ಘಾಟಿ ಹತ್ತುವ ಮೊದಲು ಅಲ್ಲಿ ಗಾಡಿ ನಿಲ್ಲಿಸಿ, ಮುಂದೆ ಕಾಯಿ ಒಡೆದು ಕರ್ಪೂರ ಹಚ್ಚುವುದು ನಮ್ಮ ವಾಡಿಕೆ. ಯಾವಾಗಲೂ ಹೊರಗೇ, ಚಕ್ರದ ಮುಂದೆ. ಆವತ್ತು ಜಡಿ ಮಳೆ, ಮೇಲೆ ಗಾಳಿ. ಕಾಯಿಯನ್ನೇನೋ ಬಾಗಿಲಲ್ಲೇ ಬಗ್ಗಿ ಕಲ್ಲಿಗೆ ಒಡೆದೆ. ಕರ್ಪೂರ ನಿಲ್ಲುವಂತಿರಲಿಲ್ಲ.

"ಒಳಗೇ ಅಚ್ಬುಡು ತಟ್ಟೇಲಿ. ಅವರಿಗೂ ಒಂದ್ಸಲ ಬೆಳಗ್ದಂಗಾಯ್ತದ," ಎಂದರು ಅತ್ತಿಗೆ.

ಅಣ್ಣನ ಟವೆಲಿನ ಪಕ್ಕದಲ್ಲಿ ತಟ್ಟೆಯಿಟ್ಟೆ. ಬಾಗಿಲು ಎಳೆದುಕೊಂಡೆ. ವಾಸನೆ ಆವತ್ತು ಕಣ್ಣು ಉರಿಯುವಷ್ಟಿತ್ತು. ಅಣ್ಣ ಇಷ್ಟು ಹತ್ತಿರ ಬಂದಿದ್ದಾನೆ ಎಂದುಕೊಂಡು ಕಡ್ಡಿ ಕೊರೆದೆ. ಹತ್ತಲಿಲ್ಲ. ಎರಡನೆಯದೂ ಇಲ್ಲ. ಮೂರನೆಯದರ ತಲೆಯೇ ಉದುರಿತು. ಕಾಯಿಯ ನೀರು ಮಡಿಲಿಗೆ ಚೆಲ್ಲಿ ಬೆಂಕಿಪೆಟ್ಟಿಗೆ ನೆಂದುಹೋಗಿತ್ತು.

"ಬ್ಯಾಡಂತೆ ಅವರ್ಗೆ. ಬುಡು," ಎಂದರು ಅತ್ತಿಗೆ.

ಕರ್ಪೂರವನ್ನು ಹಾಗೇ ಕಾಗದಕ್ಕೆ ಕಟ್ಟಿಕೊಂಡು ಬೆಟ್ಟ ಹತ್ತಿದೆವು.

ಅಡುಗೆಮನೆಯಲ್ಲಿ ಸಿಲಿಂಡರಿನ ವಾಸನೆ ಒಂಚೂರು ಬಂದರೆ ಕಿಟಕಿ ತೆಗೆದು, ಸೋಪಿನ ನೀರು ಕಲಸಿ ಪೈಪಿಗೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ನೋಡುವವಳು ನಾನು. ಮೂವತ್ತು ವರ್ಷದ ಅಭ್ಯಾಸ. ಆ ಬುದ್ಧಿ ವ್ಯಾನಿನೊಳಗೆ ಎಲ್ಲಿ ಹೋಗಿತ್ತೋ. ಮನೆಯ ವಾಸನೆ ಗ್ಯಾಸಿನದು, ವ್ಯಾನಿನ ವಾಸನೆ ಅಣ್ಣನದು ಎಂದು ಮನಸ್ಸು ಎರಡು ಗೂಡು ಮಾಡಿಕೊಂಡಿತ್ತು.

ಅನುಮಾನ ಹುಟ್ಟಿದ್ದು ಈಚೆಗೆ, ತಮಿಳುನಾಡಿನ ಗಡಿಯ ಪಾಲಾರ್ ಕಡೆ ನೆಂಟರ ಮನೆಯ ನಾಮಕರಣಕ್ಕೆ ಹೋದಾಗ. ದೂರದ ದಾರಿ ಎಂದು ಟ್ಯಾಂಕು ತುಂಬಿಸಿದ್ದೆವು. ಅತ್ತಿಗೆ ಬಂದಿರಲಿಲ್ಲ, ಮುಂದಿನ ಸೀಟಿನಲ್ಲಿ ಕಿಟಕಿ ತೆಗೆದು ಕೂತಿದ್ದ ನನಗೆ ದಾರಿಯಲ್ಲಿ ಏನೂ ಗೊತ್ತಾಗಿರಲಿಲ್ಲ. ಇಳಿಯುವ ಹೊತ್ತಿಗೆ ಅಲ್ಲಿನ ಒಬ್ಬ ಮುದುಕಿ ಮಗುವನ್ನು ಎತ್ತಿಕೊಂಡು ವ್ಯಾನಿನ ಹತ್ತಿರ ಬಂದವಳು ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ, "ಅಯ್ಯಯ್ಯೋ, ಎನ್ನಮ್ಮಾ ಇದು, ಪೆಟ್ರೋಲು ವಾಡೆ, ವಾಸ್ನೆ! ಒಳಗಡೆ ಎಂಗೆ ಕುಂತಿದ್ರಿ?" ಎಂದಳು.

ಅವಳಿಗೆ ನನ್ನ ಅಣ್ಣ ಗೊತ್ತಿರಲಿಲ್ಲ. ಅವಳ ಮೂಗಿಗೆ ಅದು ಬರೀ ಪೆಟ್ರೋಲು. ಅವತ್ತು ಅಮಾವಾಸ್ಯೆಯೂ ಅಲ್ಲ, ಹುಣ್ಣಿಮೆ ಕಳೆದು ಎರಡೋ ಮೂರೋ ದಿನ.

ಮಾರನೆಯ ದಿನ ಮನೆಯ ಮುಂದೆ ನಿಂತಿದ್ದ ವ್ಯಾನಿನೊಳಗೆ ಮೊಣಕಾಲೂರಿ, ಹಿಂದಿನ ಮ್ಯಾಟು ಎತ್ತಿ ಮೂಸಿದೆ. ಅಣ್ಣನ ಮೂಲೆಯಲ್ಲೇ ಜಾಸ್ತಿ. ಹೊರಗಿಳಿದು ನೋಡಿದರೆ ಆ ಮೂಲೆಗೆ ಸರಿಯಾಗಿ, ತಗಡಿನ ಆಚೆ ಪಕ್ಕದಲ್ಲಿ, ಪೆಟ್ರೋಲು ಹಾಕುವ ಮುಚ್ಚಳ. ಎರಡು ವರ್ಷದಿಂದ ಕಣ್ಣೆದುರೇ ಇತ್ತು.

ನಮ್ಮನೆಯವರಿಗೆ ಹೇಳಿದೆ. "ನಾವು ಟ್ಯಾಂಕು ತುಂಬ ಆಕ್ಸೋದು ಅಮಾಸೆಗೆ ಮಾತ್ರ ಕಣ್ರಿ. ಬೇರೆ ದಿನ ಅರ್ಧಾನೂ ಇರಲ್ಲ. ವಾಸ್ನೆ ಬರೋದು ಅಮಾಸೆಗಲ್ಲ, ತುಂಬಿದ್ದಕ್ಕೆ."

ಅವರು ತಲೆ ಕೆರೆದುಕೊಂಡರು. "ನಂಗೂ ಅನ್ನಿಸ್ತಿತ್ತು. ಬಂಕಲ್ಲಿ ಟ್ಯಾಂಕು ತುಂಬಿ ಪೆಟ್ರೋಲು ಟಕ್ ಅಂತ ನಿಂತ್ಮೇಲೂ ಇನ್ನೊಂಚೂರು, ಇನ್ನೊಂಚೂರು ಅಂತ ಕತ್ತಿನ್ಗಂಟ ಆಕ್ಸ್ತಿದ್ದೆ. ನಿಮ್ಮಣ್ಣ ಇದ್ದಿದ್ರೆ ಬೊಯ್ದಿರೋನು."

"ಮತ್ಯಾಕೆ ಏಳ್ನಿಲ್ಲ?"

"ನಿಮ್ಮತ್ಗೆ ಮಾತಾಡ್ತಾ ಕುಂತಿರೋರು. ಗಾಡಿ ನಿಲ್ಸಿ, ಅಕ್ಕ, ನಿಮ್ಮೆಜಮಾನ್ರು ಸೋರ್ತಾವ್ರೆ ಅನ್ನನಾ?"

ನಕ್ಕೆವು. ನಗು ಬೇಗ ನಿಂತಿತು.

ಇದಿಷ್ಟೂ ಕಾಳು ಹಿತುಕುತ್ತಾ ಮನಸ್ಸಿನಲ್ಲಿ ಓಡಿತು. ಹೇಳದೆ ಇದ್ದರೆ ಬರುವ ಅಮಾವಾಸ್ಯೆಗೆ ಅತ್ತಿಗೆ ಟವೆಲು ಮಡಿಸಿಟ್ಟುಕೊಂಡು ಕಾಯುತ್ತಾರೆ. ಹನೂರು ದಾಟುತ್ತದೆ, ತಾಳಬೆಟ್ಟ ದಾಟುತ್ತದೆ, ಅವನು ಬರುವುದಿಲ್ಲ. ಯಾಕೆ ಮುನಿಸಿಕೊಂಡ ಎಂದು ಅವರು ಬೇಯಬೇಕು. ಅದನ್ನು ಪಕ್ಕದಲ್ಲಿ ಕೂತು ನೋಡಲು ನನ್ನಿಂದಾಗುವುದಿಲ್ಲ ಎಂದುಕೊಂಡೆ.

"ಅತ್ಗೆ, ಅವರು ಬ್ರೇಕು ನೋಡ್ಸಕ್ಕೆ ಓಗಿಲ್ಲ."

"ಗೊತ್ತು," ಎಂದರು. ಅವರ ಬೆರಳು ನಿಲ್ಲಲಿಲ್ಲ. "ಬ್ರೇಕು ನೋಡ್ಸಕ್ಕೆ ಯಾರಾರೂ ಟ್ಯಾಂಕು ತುಂಬಿಸ್ಕೊಂಡು ಓದಾರಾ? ಬೆಳಿಗ್ಗೆ ನಿನ್ನ ಗಂಡ ಬಂಕಿಗೋಗಿ ಬಂದು ಬಾಗ್ಲಲ್ಲಿ ನಿಲ್ಸ್ದಾಗ್ಲೇ ಮೂಗಿಗೆ ಬಡೀತು. ಬಂಕಿನವ್ನ ಎಂಡ್ತಿ ಕಣಮ್ಮಿ ನಾನು. ಏನಂತೆ?"

"ಪೈಪು ಸೀಳಿತ್ತಂತೆ. ತಗಡೂ ತೂತಂತೆ. ಬದ್ಲಾಯಿಸ್ತಾವ್ರೆ."

ಅವರು ಇನ್ನೊಂದು ಹಿಡಿ ಕಾಳು ಹಿತುಕಿ ಹಾಕಿದರು. ಆಮೇಲೆ, "ಅಂಗಾರೆ ಎರಡ್ವರ್ಷದಿಂದ ನಾನು ಮಾತಾಡ್ತಿದ್ದುದ್ದು ಪೈಪಿನ ಜೊತ್ಗಾ?" ಎಂದರು. ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. "ಮಗಳ ಬಾಣಂತನ, ನನ್ನ ಮಂಡಿ ನೋವು, ಪಕ್ಕದ ಮನೆಯೋಳು ಕಸ ಎಸೆಯೋದು, ಎಲ್ಲಾನೂ ಪೈಪಿಗೇ ಏಳಿವ್ನಲ್ಲ ನಾನು, ನನ್ನ ಬಾಯಿಗಿಷ್ಟು ಮಣ್ಣಾಕ!"

"ಏನಂತಿತ್ತು ಪೈಪು?"

"ನಿಮ್ಮಣ್ಣನಂಗೇ ಕಣಮ್ಮಿ. ಒಂದಕ್ಕೂ ಉತ್ತರ ಇಲ್ಲ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅತ್ತಿಗೆಯ ನೀರು ನಗು ನಿಂತ ಮೇಲೂ ನಿಲ್ಲಲಿಲ್ಲ. ಒದ್ದೆ ಕೈ, ಒರೆಸಿಕೊಳ್ಳಲಾಗದೆ ಮುಖವನ್ನು ಭುಜಕ್ಕೆ ಉಜ್ಜಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ಅವತ್ತು ಮೂರು ಕಡ್ಡಿ ಕೊರ್ದೆಯಲ್ಲ ನೀನು."

"ಕಾಯಿ ನೀರು ಬಿದ್ದು ನೆಂದಿತ್ತು, ಅತ್ಗೆ."

"ನೆಂದಿತ್ತು, ಸರಿ. ಬಂಕಲ್ಲಿ ಯಾರಾರೂ ಬೆಂಕಿಪಟ್ಣ ತೆಗುದ್ರೆ ಓಡೋಗಿ ಕಿತ್ಕೊಳ್ತಿದ್ರು ಅವರು. ಪೈಪೇನು ಬೆಂಕಿಪಟ್ಣ ನೆನುಸ್ತದಾ?"

ಆ ಮೂರು ಕಡ್ಡಿ ಕೊರೆದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ದೇವರ ದೀಪ ಹಚ್ಚಲು ಪೆಟ್ಟಿಗೆ ಕೈಗೆತ್ತಿಕೊಂಡರೆ ಸಾಕು, ಮಳೆಯ ಸದ್ದು, ಎಳೆದುಕೊಂಡ ಬಾಗಿಲು, ಉರಿಯುವ ಕಣ್ಣು ಎಲ್ಲವೂ ಬರುತ್ತವೆ. ಮೊದಲು ಒಮ್ಮೆ ಮೂಸಿ ನೋಡದೆ ಕಡ್ಡಿ ಗೀರಲಾರೆ. ಆವತ್ತು ಕೆಟ್ಟು ಅರ್ಧಕ್ಕೆ ನಿಂತಿದ್ದ ಹಿಂದಿನ ಕಿಟಕಿಯ ಗಾಜು ಕೂಡ ನೆನಪಾಗುತ್ತದೆ. ಅದನ್ನು ರಿಪೇರಿ ಮಾಡಿಸಿಲ್ಲವೆಂದು ನಮ್ಮನೆಯವರ ಜೊತೆ ತಿಂಗಳುಗಟ್ಟಲೆ ಜಗಳವಾಡಿದ್ದೆ. ಮಳೆ ನೀರು ಒಳಬರುತ್ತದೆಂದು ಬೈದುಕೊಂಡ ಆ ಸಂದಿನಲ್ಲಿ ಎಷ್ಟು ಆವಿ ಹೊರಗೆ ಹೋಗಿ ನಮ್ಮನ್ನು ಉಳಿಸಿತೋ, ಲೆಕ್ಕ ಮಾದಪ್ಪನಿಗೇ ಗೊತ್ತು.

ಹೊತ್ತು ಇಳಿಯುವ ಮೊದಲೇ ವ್ಯಾನು ಬಂತು. ನಮ್ಮನೆಯವರು ಇಳಿದು, ಟ್ಯಾಂಕು ತುಂಬಿದಂತೆಯೇ ಇದೆ, ಏನೂ ವಾಸನೆಯಿಲ್ಲ, ತಗಡಿಗೂ ತೇಪೆ ಹಾಕಿಸಿದೆ ಎಂದು ನನಗೆ ಹೇಳಹೊರಟವರು ಅತ್ತಿಗೆಯನ್ನು ಕಂಡು ಬಾಯಿ ಮುಚ್ಚಿದರು.

"ಅದೇನು ಏಳಪ್ಪ. ನಂಗೆಲ್ಲಾ ಗೊತ್ತಾಯ್ತು. ಇನ್ಮೇಲೆ ಟಕ್ ಅಂದ್ಮೇಲೆ ಒಂದು ತೊಟ್ಟೂ ಆಕ್ಸ್ಬ್ಯಾಡ," ಎಂದರು ಅತ್ತಿಗೆ.

"ಮೆಕ್ಯಾನಿಕ್ಕೂ ಅಂಗೇ ಬೊಯ್ದ, ಅಕ್ಕ."

ಅತ್ತಿಗೆ ವ್ಯಾನು ಹತ್ತಿ ಬಾಗಿಲು ಎಳೆದುಕೊಂಡರು. ಎರಡು ವರ್ಷದಲ್ಲಿ ಮೊದಲ ಸಲ ಆ ಮೂಲೆಯಲ್ಲಿ ಕೂತರು, ಅಲ್ಲೇ ಇದ್ದ ಟವೆಲನ್ನು ತೊಡೆಯ ಮೇಲಿಟ್ಟುಕೊಂಡು. ಗಾಜಿನಾಚೆಯಿಂದ ನೋಡಿದೆ. ತುಟಿ ಅಲುಗುತ್ತಿರಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಅಗಲವಾಗಿ, ಮತ್ತೆ ಮತ್ತೆ ಉಸಿರು ಎಳೆದುಕೊಳ್ಳುತ್ತಿದ್ದರು. ನಮ್ಮನೆಯವರು ನೋಡಲಾಗದೆ ಕೈಕಾಲು ತೊಳೆಯಲು ಹೋದರು.

ಇಳಿದು ಬಂದವರು, "ಒಸ ರಬ್ಬರ್ ವಾಸ್ನೆ ಅಷ್ಟೆ," ಎಂದರು. ಟವೆಲನ್ನು ನನ್ನ ಕೈಗಿಟ್ಟರು. "ನಾಳೆ ಬಟ್ಟೆ ಜೊತೆ ಇದ್ನೂ ನೆನೆಸ್ಬುಡು. ಎಷ್ಟು ದಿನ ಅಂತ ಕೊಳೇದನ್ನ ಇಟ್ಕೊಳ್ಳದು?" ಎಂದು ಒಳಗೆ ಹೋದರು.

ಬಾಗಿಲಲ್ಲೇ ನಿಂತು ಟವೆಲನ್ನು ಮೂಸಿದೆ. ಇತ್ತು. ಪೈಪಿನದೋ ಅವನದೋ ಹೇಳಲು ನನ್ನ ಮೂಗಿಗೆ ಶಕ್ತಿಯಿಲ್ಲ. ನೆನೆಸುವ ಬಕೆಟ್ಟಿನ ತನಕ ಹೋದೆ. ಹಾಕಲು ಕೈ ಬರಲಿಲ್ಲ. ಬಚ್ಚಲ ಒಲೆಯ ಬೆಂಕಿಗೆ ದೂರವಾಗಿ, ಹಿತ್ತಲ ಗೂಟಕ್ಕೆ ತಗುಲಿಸಿದೆ.

ಬೇಸಿನ್ನಿನಲ್ಲಿ ಇನ್ನೂ ಅರ್ಧ ಕಾಳು ಉಳಿದಿತ್ತು. ಹಿತುಕಲು ಕೂತೆ.