ಕುದುರೆಯ ಪಾಲು

ಮೊನ್ನೆ ಹುರುಳಿ ಬೇಯಿಸಲು ಇಟ್ಟಿದ್ದೆ. ಕುಕ್ಕರಿನ ಮುಚ್ಚಳ ತೆಗೆದಾಗ ಆ ಮಣ್ಣುಮಿಶ್ರಿತ ವಾಸನೆಯ ಹಬೆ ಮುಖಕ್ಕೆ ಬಡಿಯಿತು. ಒಂದು ಕ್ಷಣ ನಾನು ರಾಯಬಾಗದ ನಮ್ಮ ಹಳೆಯ ಓಣಿಯಲ್ಲಿದ್ದೆ, ಪಕ್ಕದ ಮನೆಯ ಚಾಚಿಯ ಅಂಗಳದಲ್ಲಿ...

ಎರಡು ಮನೆಗಳ ನಡುವೆ ಇದ್ದದ್ದು ಒಂದು ಮೋಟುಗೋಡೆ. ಚಾಚಾ ಟಾಂಗಾ ಹೊಡೆಯುತ್ತಿದ್ದ. ಸ್ಟೇಷನ್ನು ಊರಿಂದ ದೂರ. ಎಂಬತ್ತರ ದಶಕದಲ್ಲಿ ರೈಲಿಗೆ ಹೋಗುವವರು ಟಾಂಗಾವನ್ನೇ ಹತ್ತಬೇಕಿತ್ತು. ಸಂಜೆ ಅವನು ಬಂದು ಅಂದಿನ ಗಳಿಕೆಯನ್ನು ಚಾಚಿಯ ಕೈಗೆ ಕೊಟ್ಟ ಮೇಲೇ ಆ ಮನೆಯ ಒಲೆ ಹೊತ್ತುತ್ತಿತ್ತು. ಎಣ್ಣೆ ಆ ಹೊತ್ತಿಗೆ ಬೇಕಾದಷ್ಟೇ, ಚಹಾಪುಡಿ ಸಣ್ಣ ಪುಡಿಕೆಯಲ್ಲಿ. ಅದಕ್ಕೂ ಮೊದಲು ಕುದುರೆಯ ಹುರುಳಿ. ಅದರ ಪಾಲು ತೆಗೆದಿಟ್ಟು ಉಳಿದದ್ದರಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು. ಸಣ್ಣ ಮಗಳು ಬೆಂದ ಹುರುಳಿಗೆ ಕೈ ಹಾಕಿದರೆ ಚಾಚಿ ಮೆಲ್ಲಗೆ ಆ ಕೈ ಸರಿಸುತ್ತಿದ್ದಳು.

"ಅದು ದುಡಿಯೋದೈತಿ ಬೇಟಿ. ಅದು ತಿಂದ್ರ ನಾವು ತಿಂತೀವಿ."

ಒಂದು ಮಳೆಗಾಲ ಕುದುರೆಯ ಗೊರಸಿಗೆ ಮೊಳೆ ನೆಟ್ಟು ಕಾಲು ಬಾತುಕೊಂಡಿತು. ಗುಣವಾಗುವ ತನಕ ಗಾಡಿಗೆ ಹೂಡಬೇಡಿ ಎಂದರು ದನದ ಡಾಕ್ಟರು. ಚಾಚಾ ಸ್ಟೇಷನ್ನಿನಲ್ಲಿ ಹಮಾಲಿ ಮಾಡಲು ಹೋಗಿ ಬೆನ್ನು ಹಿಡಿದುಕೊಂಡು ವಾಪಸು ಬಂದ. ಆ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಎರಡು ಹೊತ್ತೂ ಜೋಳದ ನುಚ್ಚಿನ ಗಂಜಿ. ಒಂದು ಮಧ್ಯಾಹ್ನ ಚಾಚಿ ನಮ್ಮ ಕಟ್ಟೆಗೆ ಬಂದು ಕೂತಳು. ಏನನ್ನೂ ಕೇಳಲು ಬಂದವಳಲ್ಲ, ಕೂರಲು ಬಂದವಳು.

"ಸಾಕಾಗೇತ್ರಿ ಅಕ್ಕಾ," ಎಂದಳು ಅವ್ವನಿಗೆ. "ಕಣ್ ಬಿಟ್ರ ಸಾಕು, ಇವತ್ತ ಏನ್ ಬೇಯಸ್ಲಿ ಅನ್ನೋದ ಒಂದ ಚಿಂತಿ."

ಮನೆಯಲ್ಲಿ ಉಳಿದಿದ್ದದ್ದು ಕುದುರೆಯ ಅರ್ಧ ಚೀಲ ಹುರುಳಿ. ಮರುದಿನ ಚಾಚಿ ಹೆಚ್ಚಿಗೆ ನೆನೆಹಾಕಿದಳು. ಬೇಯಿಸಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಉಸಳಿ ಮಾಡಿ, ಪಾತೇಲಿಯನ್ನು ತಲೆ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ಗೇಟಿನ ಬಳಿ ಹೋಗಿ ಕೂತಳು. ಮಳೆಯಲ್ಲಿ ನೆನೆದು ನಿಂತ ಜನಕ್ಕೆ ಬಿಸಿ ಉಸಳಿ. ಮಧ್ಯಾಹ್ನದೊಳಗೆ ಪಾತೇಲಿ ಖಾಲಿಯಾಯಿತು.

ಗಂಡ ಹೆಂಡತಿ ತಮ್ಮೊಳಗೆ ಆಡುತ್ತಿದ್ದದ್ದು ಉರ್ದು. ಅಂದು ಗೋಡೆಯಾಚೆ ನನಗೆ ತಿಳಿದದ್ದು ಇಷ್ಟು: ಕುದುರೆಯ ಮುಂದಿನದನ್ನು ಎತ್ತಿಕೊಂಡು ಹೋಗಿ ಜನರ ಮುಂದೆ ಕೂತೆಯಾ ಎಂದು ಚಾಚಾ ಕೇಳಿದ. ಕುದುರೆಗೂ ಇಟ್ಟಿದ್ದೇನೆ, ನಿಮಗೂ ಇಟ್ಟಿದ್ದೇನೆ ಎಂದಳು ಚಾಚಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗುವಷ್ಟು ತ್ರಾಣವೂ ಉಳಿದಿರಲಿಲ್ಲ. ಚಾಚಾ ಉಣ್ಣದೆ ಎದ್ದು ಹೋಗಿ ಕುದುರೆಯ ಪಕ್ಕದಲ್ಲಿ ಕೂತ.

ಗೊರಸು ವಾಸಿಯಾಯಿತು. ಆದರೆ ಅಷ್ಟರಲ್ಲಿ ಸ್ಟೇಷನ್ನಿಗೆ ಟೆಂಪೊಗಳು ಶುರುವಾಗಿದ್ದವು. ಚಾಚಾ ಬೆಳಗಿನಿಂದ ಕಾದು ಒಂದೇ ಸವಾರಿ ಹೊಡೆದು ಬರುವ ದಿನಗಳು ಬಂದವು, ಆಮೇಲೆ ಅದೂ ಇಲ್ಲದ ದಿನಗಳು. ಈಗ ಉಸಳಿಯ ದುಡ್ಡಿನಲ್ಲೇ ಕುದುರೆಯೂ ತಿನ್ನಬೇಕು. ಇದನ್ನು ಚಾಚಿ ಒಮ್ಮೆಯೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಚಾಚಾನಿಗೆ ಹಗುರವಾಗುತ್ತಿತ್ತೇನೋ... ಕೊನೆಗೆ ಮಂಗಸೂಳಿ ಕಡೆಯವರೊಬ್ಬರು ಮದುವೆ ಮೆರವಣಿಗೆಗೆಂದು ಕುದುರೆ ಕೊಳ್ಳಲು ಬಂದಾಗ ಚಾಚಾನೇ ಅದನ್ನು ಬಿಚ್ಚಿ ಲಗಾಮನ್ನು ಅವರ ಕೈಗಿತ್ತ. ಅದರ ಹಿಂದೆ ಓಣಿಯ ತಿರುವಿನವರೆಗೂ ಹೋಗಲಿಲ್ಲ.

ಅಂದು ಸಂಜೆ ಚಾಚಿ ಗೋಡೆಯ ಬಳಿ ಬಂದಳು. "ಒಂದ್ ಹೊಟ್ಟಿ ಕಮ್ಮಿ ಆತ್ ನೋಡ್ರಿ ಅಕ್ಕಾ," ಎಂದು ನಗಲು ನೋಡಿದಳು. ಆಮೇಲೆ ಅಲ್ಲೇ ಕುಸಿದು ಕೂತಳು. ಅವ್ವ ತಂದುಕೊಟ್ಟ ಚಹಾ ಹಾಗೇ ಆರಿತು.

ಮರುವಾರದಿಂದ ಪಾತೇಲಿ ಹೊರುವವನು ಚಾಚಾ. ಗೇಟಿನ ಬಳಿ ಇಳಿಸಿ, ರಸ್ತೆ ದಾಟಿ, ಆಚೆ ಬದಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ, ಯಾವುದೋ ಬಸ್ಸಿಗೆ ಕಾಯುವವನ ಹಾಗೆ. ಮಾರಿ ಮುಗಿದ ಮೇಲೆ ಮತ್ತೆ ದಾಟಿ ಬಂದು ಖಾಲಿ ಪಾತೇಲಿ ಎತ್ತಿಕೊಳ್ಳುತ್ತಿದ್ದ. ಅವರು ಮಾತಾಡುತ್ತ ಬಂದದ್ದನ್ನು ನಾನು ಕಂಡಿಲ್ಲ. ಜೊತೆಗೆ ಬರುತ್ತಿದ್ದರು.

ನನ್ನ ಮದುವೆಯಾಗಿ ನಾನು ಊರು ಬಿಟ್ಟೆ. ಸ್ವಲ್ಪ ದಿನಕ್ಕೆ ಅಪ್ಪನಿಗೂ ವರ್ಗವಾಯಿತು. ಹೋದ ವರ್ಷ ಅತ್ತ ಕಡೆ ಹೋಗಿದ್ದಾಗ ಓಣಿ ಹುಡುಕಿಕೊಂಡು ಹೋದೆ. ಚಾಚಾ ಮೊದಲು, ಚಾಚಿ ಆಮೇಲೆ, ಇಬ್ಬರೂ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸಣ್ಣ ಮಗಳು ಅದೇ ಮನೆಯಲ್ಲಿದ್ದಳು. ಚಹಾ ಕೊಟ್ಟು, ಹೊರಡುವಾಗ ಕೇಳಿದಳು: "ಅಕ್ಕಾ, ನಿಮ್ಮ ಮದುವಿ ಫೋಟೋದಾಗ ಎಲ್ಲ್ಯರ ನಮ್ಮ ಅಮ್ಮ ಇದ್ದಾಳೇನ್ರಿ? ಓಟಿನ ಕಾರ್ಡಿನ್ಯಾಗ ಮಾರಿನ ಕಾಣೂದಿಲ್ಲ, ಬರೇ ಕಪ್ಪ. ನನ್ನ ಮಕ್ಕಳು ಅಜ್ಜಿ ಹೆಂಗಿದ್ಳು ಅಂತ ಕೇಳ್ತಾವು."

ನೋಡಿ ಹೇಳುತ್ತೇನೆ ಎಂದು ಬಂದೆ. ಆಲ್ಬಮ್ ತೆಗೆದು ಒಂದೊಂದೇ ಹಾಳೆ ತಿರುವಿದೆ. ಓಣಿಯ ಎಲ್ಲರೂ ಇದ್ದಾರೆ. ಊಟಕ್ಕೆ ಮಾತ್ರ ಬಂದು ಹೋದವರೂ ಇದ್ದಾರೆ. ಚಾಚಿ ಇಲ್ಲ. ಅಂದು ಅವಳು ಬೆಳಗಿನಿಂದ ಹಿತ್ತಲಿನ ದೊಡ್ಡ ಒಲೆಯ ಮುಂದಿದ್ದಳು, ಫೋಟೋದವನು ಅಲ್ಲಿಗೆ ಬಂದಿರಲಿಲ್ಲ.

ಸಣ್ಣ ಮಗಳಿಗೆ ನಾನಿನ್ನೂ ಫೋನು ಮಾಡಿಲ್ಲ.