ಕುದಿನೀರಿಗೆ ಬಿದ್ದ ಮುಚ್ಚಳಗಳು

ಬಾಟಲಿ ಮುಚ್ಚಳದೊಳಗಿನ ಆ ಬಿಲ್ಲೆಯ ಮೇಲೆ ನನಗೆ ಇವತ್ತಿಗೂ ಕೋಪ. ನೋಡಲು ಒಂದೇ ತುಂಡು. ಬಿಡಿಸಿದರೆ ರಟ್ಟು, ಮೇಣ, ಬೆಳ್ಳಿಬಣ್ಣದ ಹಾಳೆ, ಅದರಡಿ ತೆಳು ಪ್ಲಾಸ್ಟಿಕ್. ಮುಚ್ಚಳ ಬಿಗಿಮಾಡಿ ಮೇಲೆ ಸೀಲಿಂಗ್ ಮಿಷನ್ ಒತ್ತಿದರೆ ಅದರ ಬಿಸಿಗೆ ಮೇಣ ಕರಗಿ ರಟ್ಟಿಗೆ ಇಂಗುತ್ತದೆ, ಹಾಳೆ ಬಾಟಲಿಯ ಬಾಯಿಗೆ ಅಂಟಿಕೊಳ್ಳುತ್ತದೆ. ಅಂಟಬೇಕು. ನಮ್ಮದು ಅಂಟಲಿಲ್ಲ.

ತೆರಕಣಾಂಬಿಯ ನಮ್ಮ ಮನೆಯಲ್ಲಿ ನಿಂಬೆ ಉಪ್ಪಿನಕಾಯಿ ಎಂದರೆ ಅತ್ತೆಯದೇ ಕೈ. ಜಾಡಿಗೆ ಬಟ್ಟೆ ಕಟ್ಟಿಟ್ಟರೆ ವರ್ಷವಾದರೂ ಕೆಡದು. ಅದನ್ನು ಬಾಟಲಿಗೆ ತುಂಬಿ ಮಾರುವ ಹುಚ್ಚು ನನ್ನದು. ಚಾಮರಾಜನಗರದ ಅಂಗಡಿಯವರೊಬ್ಬರು ಮೊದಲ ಬಾಕ್ಸ್ ನೋಡಿ ಮುಂದಿನ ಮಾತು ಎಂದಿದ್ದರು. ಆ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಇಳಿಯುವಷ್ಟರಲ್ಲಿ ಎಣ್ಣೆ ಸೋರಿ ಸೀರೆಯೆಲ್ಲ ಕೆಂಪು.

"ಒಂದ್ಸಲ ರುಚಿ ನೋಡಿ ಸಾರ್," ಎಂದು ಗೋಗರೆದೆ.

"ರುಚಿ ಇರ್ಲಿ ಬುಡಮ್ಮ. ಸೋರೋ ಬಾಟ್ಲಿನ ಯಾರ್ ತಕ್ಕಂಡೋದಾರು?" ಎಂದರು ಅಂಗಡಿಯವರು.

ಮೈಯೆಲ್ಲ ಉರಿದುಹೋಯಿತು. ಮುಚ್ಚಳ ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಮಿಷನ್ ಸರಿಯಾಗಿ ಒತ್ತಿ ಅಕ್ಕ ಎಂದ. ವಾಪಸು ತಂದ ಅದೇ ಬಾಟಲಿಗಳ ಮೇಲೆ ಎರಡು ದಿನ ಒತ್ತಿದ್ದೇ ಒತ್ತಿದ್ದು. ರಟ್ಟೆ ಬಿದ್ದುಹೋಯಿತೇ ಹೊರತು ಹಾಳೆ ಅಂಟಲಿಲ್ಲ.

ಮೂರನೆಯ ದಿನ ಹಿತ್ತಲಿಗೆ ಹೋದರೆ, ಅತ್ತೆ ಉಳಿದ ಮುಚ್ಚಳಗಳನ್ನು ಕುದಿಯುವ ನೀರಿಗೆ ಅದ್ದಿ ತೆಗೆದು ಮೊರದಲ್ಲಿ ಬಿಸಿಲಿಗೆ ಹರಡುತ್ತಿದ್ದರು.

"ತೊಳೀದೆ ಇರೋದ ಉಪ್ಪಿನಕಾಯಿಗೆ ಮುಚ್ಚಾರಾ? ಜಾಡಿ ಬಟ್ಟೆನೂ ಇಂಗೇ ಕುದ್ಸದು ಕಣಮ್ಮಿ," ಎಂದರು. "ಮೊದ್ಲು ತಕ್ಕಂಡೋದ್ಯಲ್ಲ, ಅವುನ್ನೂ ನಾನೇ ಕುದ್ಸಿ ಮಡಗಿದ್ದು."

ಮೇಣ ಕರಗಿಹೋಗಿ ರಟ್ಟು ಉಬ್ಬಿತ್ತು. ಹಾಳೆಯ ಅಂಚು ಸುರುಟಿತ್ತು.

"ಎಲ್ಲ ಆಳ್ಮಾಡ್ಬುಟ್ರಲ್ಲ ಅತ್ತೆ! ಇನ್ಮೇಲೆ ಯಾವ್ದನ್ನೂ ಮುಟ್ಬೇಡಿ!" ಎಂದು ಪಕ್ಕದ ಮನೆಯವರು ಇಣುಕುವಷ್ಟು ಜೋರಾಗಿ ಕಿರುಚಿದೆ. ಅವರು ಮೊರ ಎತ್ತಿಕೊಂಡು ಒಳಗೆ ಹೋದರು. ತೊಳೆಯಬಾರದು ಎಂದು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅದು ನೆನಪಾಗಿದ್ದು ಕಿರುಚಿ ಮುಗಿದ ಮೇಲೆ.

ಹೊಸ ಮುಚ್ಚಳ ತರಿಸಿದೆ. ಈ ಸಲ ಬಾಟಲಿ ತಲೆಕೆಳಗು ಮಾಡಿದರೂ ತೊಟ್ಟು ಸೋರಲಿಲ್ಲ. ಖುಷಿಯಲ್ಲಿ ಒಂದನ್ನು ಅತ್ತೆಯ ಮುಂದೆ ಹಿಡಿದೆ. ಅವರು ಎರಡೂ ಕೈಗಳನ್ನು ಸೆರಗಿನೊಳಕ್ಕೆ ಎಳೆದುಕೊಂಡರು.

"ನಾ ಮುಟ್ಟಕಿಲ್ಲ ಕಣಮ್ಮಿ. ಆಳಾಯ್ತದೆ."

ಅಂಗಡಿಯವರು ಒಪ್ಪಿ ಇನ್ನೊಂದು ಬಾಕ್ಸ್ ಕೇಳಿದ್ದಾರೆ. ಜಾಡಿ ಖಾಲಿಯಾಗಿದೆ. ನಿಂಬೆಹಣ್ಣು ಹೆಚ್ಚಿಟ್ಟುಕೊಂಡು ಉಪ್ಪೆಷ್ಟು ಹಾಕಲಿ ಅತ್ತೆ ಎಂದರೆ, ಅವರು ಕೈ ಹೊರಗೆ ತೆಗೆಯುವುದಿಲ್ಲ.