ಒಂದು ಕೋಣೆಗೆ ಒಂದೇ ಬೀಗದ ಕೈ

ಯಲ್ಲಕ್ಕನಿಗೆ ಮರುಕವೆಂಬುದು ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನಿರಾಶರಾಗಬಾರದು. ಒರಟು ಮಾತಿನ ಹಿಂದೆ ಮೆತ್ತನೆಯ ಮನಸ್ಸು ಇದ್ದೇ ಇರುತ್ತದೆಂದು ನಮ್ಮ ಜನ ನಂಬುತ್ತಾರೆ. ಇವಳ ವಿಷಯದಲ್ಲಿ ನಾನು ಹುಡುಕಿ ನೋಡಿದ್ದೇನೆ. ಒರಟು ಮಾತಿನ ಹಿಂದೆ ಇನ್ನಷ್ಟು ಒರಟುತನವೇ ಸಿಕ್ಕಿತು.

ಚಿತ್ರದುರ್ಗದಿಂದ ಮದಕರಿಪುರದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಖಾಸಗಿ ನರ್ಸಿಂಗ್ ಕಾಲೇಜಿದೆ. ಹೊರದೇಶಗಳಿಂದ ಬರುವ ಹುಡುಗಿಯರು ಅಲ್ಲಿ ಮೊದಲು ಒಂದು ವರ್ಷ ಇಂಗ್ಲಿಷ್ ಕಲಿತು, ಬರೆಯುವ ಪರೀಕ್ಷೆಯನ್ನೂ ಮಾತಿನ ಪರೀಕ್ಷೆಯನ್ನೂ ಮುಗಿಸಿ, ಆಮೇಲೆ ನರ್ಸಿಂಗಿಗೆ ಸೇರುತ್ತಾರೆ. ನಿವೃತ್ತಿಯಾದ ಮೇಲೆ ನಾನು ಅವರಿಗೆ ಇಂಗ್ಲಿಷ್ ಕಲಿಸಲು ಬಂದೆ. ಯಲ್ಲಕ್ಕ ಅವರ ಹಾಸ್ಟೆಲಿನ ಮೇಟ್ರನ್. ಕಸ ಗುಡಿಸಲು ಸೇರಿದವಳು. ಓದಿದ ಮೇಟ್ರನ್‌ಗಳು ಒಬ್ಬರಾದ ಮೇಲೊಬ್ಬರು ಬಿಟ್ಟುಹೋದ ಕಾರಣ ಬೀಗದ ಕೈ ಗೊಂಚಲು ಇವಳ ಸೊಂಟಕ್ಕೆ ಬಂತು. ಗಂಡ ರಂಗಯ್ಯ ಆದಿವಾಲದಲ್ಲಿ ಕುರಿ ನೋಡಿಕೊಂಡಿದ್ದಾನೆ. ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ ಅವನನ್ನೂ ಕುರಿಗಳನ್ನೂ ಬೈದು ಬರುತ್ತಾಳೆ.

ಅವಳ ತವರು ಧರ್ಮಪುರದ ಕಡೆಯ ಒಂದು ಗೊಲ್ಲರಹಟ್ಟಿ. ಚಿಕ್ಕವಳಿದ್ದಾಗ ಅಪ್ಪ ಎತ್ತಪ್ಪ ಅವಳನ್ನು ಹಿರಿಯೂರಿನ ಶಾಲೆಗೆ ಹಾಕಿ, ಅಲ್ಲಿಯ ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದನಂತೆ. ಇವಳು ಶೇಂಗಾ ಚೀಲಗಳ ಮಧ್ಯೆ ಲಾರಿಯಲ್ಲಿ ಕುಳಿತು ಹಟ್ಟಿಗೆ ಓಡಿ ಬಂದಳು. ಅತ್ತಳು. ಅಪ್ಪ "ಪಾಪ, ಕೂಸು" ಎಂದು ಸ್ಲೇಟನ್ನು ಗೂಟಕ್ಕೆ ನೇತುಹಾಕಿದ.

"ಎರಡೇಟು ಹಾಕಿ ವಾಪಸ್ ಬಿಟ್ಟು ಬಂದಿದ್ರೆ ನಾನೂ ನಿಮ್ಮಂಗೆ ಕನ್ನಡಕ ಹಾಕ್ಕಂಡು ಕುರ್ಚಿ ಮ್ಯಾಲೆ ಕುಂತಿರ್ತಿದ್ದೆ ಮೇಡಂ," ಎಂದು ಒಮ್ಮೆ ನನಗೆ ಹೇಳಿದಳು. "ಪಾಪ ಅಂದ. ಅಲ್ಲಿಗೆ ನಾನು ಕೆಟ್ಟೆ."

ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಅವಳು ಇನ್ನೂ ಕ್ಷಮಿಸಿಲ್ಲ.

ನಮ್ಮ ಕಾಲೇಜಿನ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಒಂದು ನಿಯಮ ಬರೆಸಿದ್ದಾರೆ: ಈ ಆವರಣದಲ್ಲಿ ಇಂಗ್ಲಿಷ್ ಮಾತ್ರ. ಪ್ರಿನ್ಸಿಪಾಲ್ ಪರಮೇಶ್ ಅದರ ಕೆಳಗೇ ನಿಂತು "ಲೇ, ಆ ಪೈಪ್ ತಿರುಗಿಸೋ" ಎಂದು ಮಾಲಿಯನ್ನು ಕೂಗುತ್ತಾರೆ. ನಿಯಮವನ್ನು ನಿಜವೆಂದು ತಿಳಿದವಳು ಯಲ್ಲಕ್ಕ ಒಬ್ಬಳೇ. ಅವಳಿಗೆ ಬರುವ ಇಂಗ್ಲಿಷ್ ಎಂದರೆ ಕಮ್, ಗೋ, ಈಟ್, ನೋ, ಲೈಟ್ ಆಫ್. ಅಷ್ಟನ್ನೇ ಇಟ್ಟುಕೊಂಡು ಇಡೀ ಹಾಸ್ಟೆಲನ್ನು ಆಳುತ್ತಾಳೆ. ಮನೆಗೆ ಫೋನ್ ಮಾಡುವಾಗ ಮತ್ತು ದೇವರ ಹತ್ತಿರ ಮಾತಾಡುವಾಗ ವಿನಾಯಿತಿ. ಉಳಿದಂತೆ ಹಗಲು ಹೊತ್ತಿನಲ್ಲಿ ಯಾರಾದರೂ ತಮ್ಮ ಭಾಷೆಯಲ್ಲಿ ಮಾತಾಡಿ ಸಿಕ್ಕಿಬಿದ್ದರೆ ಶುಕ್ರವಾರ ಮಧ್ಯಾಹ್ನದ ಊಟವಾದ ಮೇಲೆ ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಕುಳಿತು ಮುಂದಿನ ವಾರಕ್ಕೆ ಬೇಕಾದ ಬೆಳ್ಳುಳ್ಳಿ ಸುಲಿಯಬೇಕು. ಬಾಗಿಲು ಹಾಕಿರುತ್ತದೆ. ಗೆಳತಿಯರು ಹೋಗಿ ಕೈಜೋಡಿಸುವಂತಿಲ್ಲ.

ಹನಾನ್ ಯೆಮೆನ್ ದೇಶದವಳು. ಅದೇ ಊರಿನ ಇನ್ನೂ ಮೂವರು ಹುಡುಗಿಯರ ಜೊತೆ ಬಂದು ಒಂದೇ ಕೋಣೆಯಲ್ಲಿದ್ದಳು. ಬರೆಯಲು ಕೊಟ್ಟರೆ ಒಂದು ತಪ್ಪೂ ಇರುತ್ತಿರಲಿಲ್ಲ. ಮಾತಾಡು ಎಂದರೆ ಒಂದು ಪದವೂ ಹೊರಡುತ್ತಿರಲಿಲ್ಲ. ಮಾತಿನ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರ ಎದುರು ತನ್ನ ಹೆಸರು ಹೇಳಿ ಸುಮ್ಮನಾದಳು. ಉಳಿದ ಮೂವರು ಹೇಗೋ ದಾಟಿದರು. ಇವಳು ಬಿದ್ದಳು. ಎರಡನೆಯ ಅವಕಾಶ ಮೂರು ತಿಂಗಳಿಗೆ. ಅದರಲ್ಲೂ ಬಿದ್ದರೆ ಸೀಟು ಹೋಗುತ್ತದೆ, ಊರಿಗೆ ಮರಳಬೇಕು. ಆ ಊರಿನಲ್ಲಿ ಆಸ್ಪತ್ರೆಯ ಕಟ್ಟಡವಿದೆ, ಒಳಗೆ ನರ್ಸುಗಳಿಲ್ಲ ಎಂದು ಅವಳೇ ಪ್ರಬಂಧವೊಂದರಲ್ಲಿ ಬರೆದಿದ್ದಳು.

ಫಲಿತಾಂಶ ಬಂದ ಸಂಜೆ ಹನಾನ್ ಹಾಸಿಗೆಯ ಮೇಲೆ ಅಳುತ್ತಿದ್ದಳು. ಗೆಳತಿಯರು ಸುತ್ತ ಕುಳಿತು ಅವಳ ಭಾಷೆಯಲ್ಲಿ ಸಮಾಧಾನ ಹೇಳುತ್ತಿದ್ದರು. ಯಲ್ಲಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಒಳಗೆ ಹೋಗಿ ಹನಾನಳ ಪೆಟ್ಟಿಗೆ ಎತ್ತಿ ತಲೆಯ ಮೇಲಿಟ್ಟುಕೊಂಡು "ಕಮ್" ಎಂದಳು. ಆ ಸಂಜೆಯೇ ಅವಳನ್ನು ಮಂಗೋಲಿಯಾದ ಹುಡುಗಿಯೊಬ್ಬಳ ಕೋಣೆಗೆ ಹಾಕಿದಳು. ಕೋಣೆಗಿದ್ದ ಎರಡು ಬೀಗದ ಕೈಗಳಲ್ಲಿ ಒಂದನ್ನು ತನ್ನ ಗೊಂಚಲಿಗೆ ಸೇರಿಸಿಕೊಂಡು, ಇನ್ನೊಂದಕ್ಕೆ ಕಂಬಳಿಯ ಕರಿ ಉಣ್ಣೆಯ ಹುರಿ ಕಟ್ಟಿ ಇಬ್ಬರ ನಡುವೆ ಇಟ್ಟಳು. ಒಬ್ಬಳು ಎಲ್ಲಿಗೆ ಹೋದರೂ ಇನ್ನೊಬ್ಬಳು ಜೊತೆಗಿರಬೇಕು, ಇಲ್ಲವೇ ಹೊರಗೆ ನಿಲ್ಲಬೇಕು.

ಮರುದಿನ ಉಳಿದ ಮೂವರೂ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಪರಮೇಶ್ ಯಲ್ಲಕ್ಕನನ್ನೂ ನನ್ನನ್ನೂ ಕರೆಸಿದರು.

"ಏನಮ್ಮ ಇದು? ಅಳ್ತಾ ಇರೋ ಹುಡುಗೀನ ಜೊತೆಯವರಿಂದ ಕಿತ್ತು ಹಾಕಿದೀಯಂತೆ. ಮನುಷ್ಯತ್ವ ಬ್ಯಾಡ್ವಾ?"

"ಸಾರ್, ಸಂತೇಲಿ ಹೊಸ ಕುರಿ ತಂದ್ರೆ ಏನು ಮಾಡ್ತೀವಿ? ಹಳೇ ಕುರಿ ಜೊತೆಗೆ ಹಗ್ಗ ಹಾಕಿ ಜೋಡಿ ಕಟ್ತೀವಿ. ಬಿಟ್ರೆ ಅದು ಬಂದ ದಾರಿ ಹಿಡೀತೈತೆ. ಜೋಡಿ ಕಟ್ಟಿದ್ರೆ ಎಳೀತೈತೆ, ಬೀಳ್ತೈತೆ, ಆಮೇಲೆ ಹಿಂಡು ಕಲೀತೈತೆ."

"ಇವು ಕುರಿ ಅಲ್ಲಮ್ಮ, ಹುಡುಗೀರು."

"ಕುರಿಗಿಂತ ಜಾಸ್ತಿ ಎಳೀತಾವೆ ಸಾರ್, ಗೊತ್ತೈತೆ."

"ಹಂಗಂತ ಹಗಲೆಲ್ಲ ಕಟ್ಟಿ ಹಾಕ್ತೀಯಾ?"

"ನೀರಿಗೆ ಬಿಡೋವಾಗ ಬಿಚ್ತೀವಿ," ಎಂದಳು ಯಲ್ಲಕ್ಕ. "ಹಗ್ಗ ಹಾಕ್ಕಂಡೇ ನೀರಿಗಿಳಿದ್ರೆ ಒಂದರ ಮ್ಯಾಲೊಂದು ಬಿದ್ದು ಎರಡೂ ಮುಳುಗ್ತಾವೆ. ಅದು ಬಿಟ್ರೆ ಇಲ್ಲ."

ಪರಮೇಶ್ ನನ್ನ ಮುಖ ನೋಡಿದರು. ಹುಡುಗಿಗೆ ಬೇಕಾಗಿರುವುದು ಸಮಾಧಾನವಲ್ಲ, ಬಾಯಿ ಬಿಡುವುದು, ಎಂದೆ. ನನಗೆ ಯಲ್ಲಕ್ಕನ ರೀತಿ ಹಿಡಿಸಿರಲಿಲ್ಲ. ಆದರೆ ಬೇರೆ ದಾರಿಯೂ ಕಾಣಲಿಲ್ಲ.

ಮೊದಲ ಜೋಡಿ ಕೆಟ್ಟಿತು. ಮಂಗೋಲಿಯಾದ ಹುಡುಗಿಯೂ ಹೊಸಬಳು, ಅವಳೂ ಮೂಗಿ. ಇಬ್ಬರೂ ಒಂದು ಮಾತೂ ಆಡದೆ, ಒಂದೇ ಬೀಗದ ಕೈ ಹಿಡಿದುಕೊಂಡು, ಮದುವೆಯಾದ ಹೊಸ ಜೋಡಿಯಂತೆ ಕಾಲೇಜಿಗೂ ಊಟಕ್ಕೂ ಹೋಗಿ ಬರುತ್ತಿದ್ದರು. ಅಡುಗೆಯ ಏಕಾಂತಮ್ಮ ಕುಹಕವಾಡಿದಳು: "ಏನೇ ಯಲ್ಲಕ್ಕ, ಎರಡೂ ಹೊಸ ಕುರೀನೇ ಕಟ್ಟಿದೀಯಲ್ಲ, ನಿಮ್ಮಪ್ಪ ಇಷ್ಟೂ ಕಲಿಸಲಿಲ್ವಾ?"

ಅಂದೇ ಹನಾನಳ ಪೆಟ್ಟಿಗೆ ಮತ್ತೆ ಯಲ್ಲಕ್ಕನ ತಲೆಗೇರಿತು. ಈ ಸಲ ಗ್ರಾಸ ಎಂಬವಳ ಕೋಣೆಗೆ, ಅಲ್ಲೂ ಇಬ್ಬರಿಗೆ ಒಂದೇ ಬೀಗದ ಕೈ.

ಗ್ರಾಸ ಮೊಜಾಂಬಿಕ್‌ನವಳು. ಮಾತಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವಳು. ಮನೆಯ ಮಾತು ಬೇರೆ, ಶಾಲೆಯಲ್ಲಿ ಕಲಿತದ್ದು ಪೋರ್ಚುಗೀಸ್. ಇಲ್ಲಿ ಅವೆರಡೂ ಯಾರಿಗೂ ತಿಳಿಯದು. ಆದ್ದರಿಂದ ಬಂದ ದಿನದಿಂದ ಕಂಡಕಂಡವರ ಮೇಲೆ ತಪ್ಪುತಪ್ಪು ಇಂಗ್ಲಿಷನ್ನು ಸುರಿದು ಸುರಿದೇ ಕಲಿತಿದ್ದಳು. ಗೊರಕೆ ಹೊಡೆಯುತ್ತಿದ್ದಳು. ಸ್ನಾನ ಮಾಡುವಾಗ ಹಾಡುತ್ತಿದ್ದಳು. ಗೇಟಿನ ಆಚೆಯ ಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕಂಡರೆ ಅವಳಿಗೆ ಪ್ರಪಂಚದ ಪರಿವೆ ಇರುತ್ತಿರಲಿಲ್ಲ.

ಹನಾನ್ ತರಗತಿಗೆ ಒಂದು ನಿಮಿಷ ಮೊದಲೇ ಬಂದು ಕೂರುವ ಹುಡುಗಿ. ಈಗ ಬೀಗದ ಕೈಗಾಗಿ ಗ್ರಾಸಳನ್ನು ಕಾದು ಕಾದು ದಿನವೂ ತಡವಾಗತೊಡಗಿತು. ನಾನು ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಅವಳನ್ನೂ ಬಿಡಲಿಲ್ಲ. ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಿದ್ದಳು. ಜೋಗಿಮಟ್ಟಿಯ ಕಡೆಯಿಂದ ಬೀಸುವ ಗಾಳಿ ಅವಳ ತಲೆಯ ಮೇಲಿನ ಬಟ್ಟೆಯನ್ನು ಎಳೆಯುತ್ತಿತ್ತು. ಕಣ್ಣಲ್ಲಿ ಸಿಟ್ಟು ಕಾಣುತ್ತಿತ್ತು, ಬಾಯಲ್ಲಿ ಮಾತಿರಲಿಲ್ಲ.

ಪ್ರತಿ ಶುಕ್ರವಾರದ ಬೆಳ್ಳುಳ್ಳಿ ಶಿಕ್ಷೆಯಲ್ಲಿ ಮಾತ್ರ ಹನಾನಳ ಹೆಸರು ಇದ್ದೇ ಇರುತ್ತಿತ್ತು. ಅವಳ ಊರಿನ ಮೂವರ ಹೆಸರೂ. ಹನಾನಳನ್ನು ಆ ಮೂವರ ಹತ್ತಿರ ಸುಳಿಯಲೂ ಬಿಡದ ಹಾಸ್ಟೆಲಿನಲ್ಲಿ ನಾಲ್ವರೂ ವಾರವಾರವೂ ಯಾವಾಗ ತಮ್ಮ ಭಾಷೆ ಮಾತಾಡಿ ಸಿಕ್ಕಿಬೀಳುತ್ತಾರೆಂದು ನಾನು ಯಲ್ಲಕ್ಕನನ್ನು ಕೇಳಿದೆ.

"ಮಾತಾಡ್ದಂಗೆ ಕಾಣ್ತಾವೆ, ಮಾತಾಡ್ತಾವೆ," ಎಂದಳು.

"ದೂರು ಕೊಟ್ಟರೆಂದು ಹಗೆ ಸಾಧಿಸುತ್ತಿದ್ದೀಯಾ?"

"ಹಂಗೇ ತಿಳ್ಕಳ್ರಿ."

ಏಕಾಂತಮ್ಮ ಅಷ್ಟರಲ್ಲಿ ಬಾಯಿ ಹಾಕಿದಳು: "ಏನೇ ಅನ್ರಿ ಮೇಡಂ, ಆ ಹುಡುಗೀರು ಬೆಳ್ಳುಳ್ಳಿ ಸುಲಿಯೋದು ಅಂದ್ರೆ ಸುಲಿಯೋದು. ಒಂದು ಸಿಪ್ಪೆ ಇರಲ್ಲ. ನಮ್ಮ ಹಟ್ಟಿ ಹೆಂಗಸರಿಗೂ ಈ ಕೈ ಇಲ್ಲ." ಯಲ್ಲಕ್ಕ ಅವಳನ್ನು ಒಂದು ನೋಟ ನೋಡಿದಳು. ಏಕಾಂತಮ್ಮ ಸಾರು ಕಲಕಲು ಹೋದಳು.

ಎರಡನೆಯ ತಿಂಗಳಲ್ಲಿ ಒಂದು ಮಧ್ಯಾಹ್ನ ಹಾಸ್ಟೆಲಿನಿಂದ ಕಿರುಚಾಟ ಕೇಳಿಸಿತು. ನಾನೂ ಯಲ್ಲಕ್ಕನೂ ಒಟ್ಟಿಗೇ ಓಡಿದೆವು. ಹನಾನ್ ಬೀಗ ಹಾಕಿದ ಕೋಣೆಯ ಮುಂದೆ ನಿಂತಿದ್ದಳು. ಗ್ರಾಸ ಒಂದು ಕೈಯಲ್ಲಿ ಮಂಡಕ್ಕಿಯ ಪೊಟ್ಟಣ, ಇನ್ನೊಂದು ಕೈಯಲ್ಲಿ ಕರಿ ಹುರಿಯ ಬೀಗದ ಕೈ ಹಿಡಿದು ಆಗಷ್ಟೇ ಬಂದಿದ್ದಳು. ಹನಾನ್ ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು. ನೀನು ನಿದ್ದೆ ಮಾಡಲು ಬಿಡುವುದಿಲ್ಲ, ನನ್ನ ಪುಸ್ತಕ ಒಳಗಿದೆ, ನನ್ನ ಪಾಠ ಹೋಯಿತು, ನಿನ್ನ ಹೊಟ್ಟೆಗಾಗಿ ನಾನು ಊರಿಗೆ ಹೋಗಬೇಕೇನು, ನಾನು ಹೋಗುವುದಿಲ್ಲ, ಕೇಳಿಸಿತೇ, ನಾನು ಹೋಗುವುದಿಲ್ಲ! ಕ್ರಿಯಾಪದಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದೂ ನಿಲ್ಲಲಿಲ್ಲ.

"ಏನಂತೆ ಮೇಡಂ?" ಎಂದಳು ಯಲ್ಲಕ್ಕ.

"ಜಗಳ."

"ಇಂಗ್ಲೀಷ್‌ನಾಗೋ, ಅವರ ಮಾತ್ನಾಗೋ?"

"ಇಂಗ್ಲಿಷಿನಲ್ಲಿ."

"ಹಂಗಾರೆ ಆಡ್ಲಿ ಬಿಡ್ರಿ. ನಡೀರಿ, ಹೋಗಾಣ."

ಅಲ್ಲಿಂದಾಚೆ ಹನಾನ್ ಮಾತಾಡಿದಳು. ಹೆಚ್ಚಾಗಿ ಗ್ರಾಸಳನ್ನು ಬೈಯುವುದಕ್ಕೇ. ಗ್ರಾಸ ಬೈಗುಳ ಕೇಳಿ ನಗುತ್ತಿದ್ದಳು, ತಪ್ಪಿದ್ದರೆ ತಿದ್ದುತ್ತಿದ್ದಳು, ತಿದ್ದುವಾಗ ತಾನೂ ತಪ್ಪುತ್ತಿದ್ದಳು. ಜೋಡಿ ಕಟ್ಟಿದ್ದರಿಂದಲೇ ಇಂಗ್ಲಿಷ್ ಬಂತೆಂದು ನಾನು ಒಪ್ಪುವುದಿಲ್ಲ. ಸಂಜೆ ಸಂಜೆ ಕೂರಿಸಿಕೊಂಡು ವಾಕ್ಯ ವಾಕ್ಯವಾಗಿ ನಾನು ಹೇಳಿಸಿದ್ದಿದೆ, ಅವಳು ಹಲ್ಲು ಕಚ್ಚಿ ಹೇಳಿದ್ದಿದೆ. ಬಾಯಿಯ ಬೀಗ ಮಾತ್ರ ಆ ಕೋಣೆಯ ಮುಂದೆ ತೆರೆಯಿತು.

ಎರಡನೆಯ ಪರೀಕ್ಷೆ ಒಂದು ಗುರುವಾರ ನಡೆಯಿತು. ಪರೀಕ್ಷಕರು ಅದೇ ಹಳಬರು. ಒಳಗೆ ಹೋಗುವ ಮುನ್ನ ಹನಾನ್ ಕಾರಿಡಾರಿನಲ್ಲಿ ನಿಂತಿದ್ದ ಯಲ್ಲಕ್ಕನತ್ತ ತಿರುಗಿ ನೋಡಿದಳು. ಒಂದು ಒಳ್ಳೆಯ ಮಾತು ಹೇಳಲು ಅದು ತಕ್ಕ ಹೊತ್ತು.

"ಗೋ," ಎಂದಳು ಯಲ್ಲಕ್ಕ.

ನಿಮ್ಮ ಜೊತೆ ವಾಸಿಸುವ ಒಬ್ಬರ ಬಗ್ಗೆ ಮಾತಾಡಿ, ಎಂದು ಪರೀಕ್ಷಕರು ಕೇಳಿದರಂತೆ. ಹನಾನ್ ಗೊರಕೆಯಿಂದ ಶುರು ಮಾಡಿದಳು. ಬೀಗದ ಕೈ, ಮಂಡಕ್ಕಿ, ಕಿಟಕಿಯ ಹೊರಗಿನ ಪಾಠ, ಎಲ್ಲ ಬಂತು. ಸಮಯ ಮುಗಿಯಿತು ಎಂದರೂ ನಿಲ್ಲಿಸದೆ, ಇನ್ನೂ ಒಂದು ವಿಷಯವಿದೆ ಎಂದು ಕೈ ಎತ್ತಿದಳಂತೆ.

ಮರುದಿನ ಮಧ್ಯಾಹ್ನ ಫಲಿತಾಂಶ ನನ್ನ ಫೋನಿಗೆ ಬಂತು. ಹನಾನ್ ಪಾಸಾಗಿದ್ದಳು. ನಾನೇ ಹೋಗಿ ಹೇಳಬೇಕಾದ ಸುದ್ದಿ ಅದು. ಕೋಣೆಯಲ್ಲಿ ಗ್ರಾಸ ಒಬ್ಬಳೇ ಮಲಗಿದ್ದಳು. ಹನಾನ್ ಎಲ್ಲಿ ಎಂದರೆ ಮೂಗು ಮುಚ್ಚಿಕೊಂಡು ಬೆಳ್ಳುಳ್ಳಿ ಎಂದು ಸನ್ನೆ ಮಾಡಿದಳು. ಶುಕ್ರವಾರವೆಂಬುದು ನನಗೆ ಮರೆತಿತ್ತು. ಪರೀಕ್ಷೆಯ ಮರುದಿನವೂ ಶಿಕ್ಷೆ ಬಿಟ್ಟಿರಲಿಲ್ಲ. ನನಗೆ ನಿಜವಾಗಿಯೂ ಸಿಟ್ಟು ಬಂತು. ಅಡುಗೆಮನೆ ದಾಟಿ ಉಗ್ರಾಣದತ್ತ ನಡೆದೆ.

ಬಾಗಿಲು ಮುಚ್ಚಿತ್ತು. ಯಲ್ಲಕ್ಕ ಅದಕ್ಕೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕುಳಿತಿದ್ದಳು. ಬಲಗಡೆ ಬೆಳ್ಳುಳ್ಳಿ ಚೀಲ, ಎಡಗಡೆ ಬುಟ್ಟಿ, ಕಾಲಿನ ನಡುವೆ ಸ್ಟೀಲಿನ ಬೋಗುಣಿ. ಬೋಗುಣಿಯ ತುಂಬ ಬೆಳ್ಳಗೆ ಸುಲಿದ ಎಸಳುಗಳು. ಒಂದರ ಮೇಲೂ ಸಿಪ್ಪೆ ಇರಲಿಲ್ಲ. ಹೆಬ್ಬೆರಳ ಉಗುರು ಹಳದಿಯಾಗಿತ್ತು. ಬಾಗಿಲ ಹಿಂದಿನಿಂದ ನಾಲ್ವರು ಹುಡುಗಿಯರು ಒಟ್ಟಿಗೆ, ಒಬ್ಬರ ಮಾತನ್ನೊಬ್ಬರು ಕಡಿದು, ತಮ್ಮ ಭಾಷೆಯಲ್ಲಿ ಮಾತಾಡುವುದು ಕೇಳಿಸುತ್ತಿತ್ತು. ಯಾರೋ ಏನೋ ಹೇಳಿದರು. ನಾಲ್ವರೂ ನಕ್ಕರು. ಹನಾನ್ ನಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನನ್ನನ್ನು ಕಂಡು ಯಲ್ಲಕ್ಕ ಸೆರಗನ್ನು ಬೋಗುಣಿಯ ಮೇಲೆ ಎಳೆದಳು. ತಡವಾಗಿತ್ತು.

"ಏನಿದು ಯಲ್ಲಕ್ಕ?"

"ನೀರು ಕುಡೀತಾ ಅವೆ. ಸುಮ್ನಿರ್ರಿ," ಎಂದಳು ತಗ್ಗಿದ ದನಿಯಲ್ಲಿ. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದಳು. "ಬಂತಾ?"

"ಬಂತು. ಪಾಸು."

ಮುಖದಲ್ಲಿ ಏನೂ ಬದಲಾಗಲಿಲ್ಲ. ಕೈಯಲ್ಲಿದ್ದ ಎಸಳನ್ನು ಸುಲಿದು ಬೋಗುಣಿಗೆ ಹಾಕಿದಳು. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟೆ. ಅವಳು ಕುಳಿತಲ್ಲಿಂದ ಕಾಲು ಚಾಚಿ ಅಡ್ಡ ಹಿಡಿದಳು.

"ಈಗ್ಲೇ ಬ್ಯಾಡ ಮೇಡಂ. ಹೇಳಿದ್ರೆ ಎದ್ದು ಹೊರಗೆ ಓಡಿ ಬರ್ತಾವೆ, ಎಲ್ಲರ ಕಣ್ಣಿಗೂ ಬೀಳ್ತಾವೆ. ಈ ಬುಟ್ಟಿ ಮುಗೀಲಿ. ಆಮ್ಯಾಲೆ ಹೇಳೀರಂತೆ. ಕುಂತ್ಕಳ್ರಿ."

ನಾನು ಬುಟ್ಟಿಯನ್ನು ನೋಡಿದೆ. ಅದು ಖಾಲಿಯಾಗಿತ್ತು. ಯಲ್ಲಕ್ಕನೂ ನೋಡಿದಳು. ಆಮೇಲೆ ಚೀಲಕ್ಕೆ ಕೈ ಹಾಕಿ ಇನ್ನೊಂದು ಬೊಗಸೆ ಬೆಳ್ಳುಳ್ಳಿ ತೆಗೆದು ಅದರೊಳಗೆ ಸುರಿದಳು.